ಒಬ್ಬರಿಗೆ ಒಂದೇ ಗುರುತು: ಆಫೀಸಿನ ಸರ್ವರ್, ಕ್ಲೌಡ್ ಸರ್ವರ್ ಎರಡನ್ನೂ ನೋಡಿಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಪುಣೆ, ಗೋವಾದಲ್ಲಿ ಸಿಸ್ಟಮ್ ಅಡ್ಮಿನ್ ಕೆಲಸ ಮಾಡುವ ನಮ್ಮ ಜನ ಸಿಕ್ಕಾಗಲೆಲ್ಲ ಮಾತು ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ. ಸರ್ವರ್ ಅರ್ಧ ಆಫೀಸಿನಲ್ಲಿ, ಅರ್ಧ ಕ್ಲೌಡ್‌ನಲ್ಲಿ, ಲಾಗಿನ್ ಮಾತ್ರ ಹತ್ತು ಥರ. ದೊಡ್ಡ ಬ್ಯಾಂಕುಗಳಲ್ಲಿ ಇದಕ್ಕೆ ಬೇರೆ ತಂಡವೇ ಇರುತ್ತದೆ. ಒಬ್ಬರೋ ಇಬ್ಬರೋ ಸೇರಿ ಎಲ್ಲವನ್ನೂ ನಡೆಸುವ ಕಡೆಯವರಿಗಾಗಿ ಇದನ್ನು ಬರೆದಿದ್ದೇನೆ.

ನಮ್ಮಲ್ಲಿ ಒಂದೆರಡು ಕ್ಲೌಡ್ ಸರ್ವರ್ ಇದೆ ಅಷ್ಟೇ. ಅದನ್ನೂ ಹೈಬ್ರಿಡ್ ಅನ್ನಬಹುದಾ?

ಅನ್ನಬಹುದು. ಸ್ವಂತ ಸರ್ವರ್, ಕ್ಲೌಡ್ ಎರಡೂ ಸೇರಿದ ವ್ಯವಸ್ಥೆಯೇ ಹೈಬ್ರಿಡ್. ಗೋವಾದ ವೆರ್ಣಾದ ಕಾರ್ಖಾನೆಯಲ್ಲಿ ಇಆರ್‌ಪಿ (ಲೆಕ್ಕಪತ್ರ, ದಾಸ್ತಾನು ನೋಡಿಕೊಳ್ಳುವ ಸಾಫ್ಟ್‌ವೇರ್) ಓಡುವ ಒಂದು ವಿಂಡೋಸ್ ಸರ್ವರ್, ನವಿ ಮುಂಬೈಯ ಮಹಾಪೆಯ ಡೇಟಾ ಸೆಂಟರ್‌ನಲ್ಲಿ ಬಾಡಿಗೆಗೆ ತಗೊಂಡ ಅರ್ಧ ರ್ಯಾಕ್, ಕ್ಲೌಡ್‌ನಲ್ಲಿ ವೆಬ್‌ಸೈಟು. ಇಷ್ಟಿದ್ದರೆ ಸಾಕು. ನಮ್ಮ ಕಡೆಯವರಿಗೆ ಕ್ಲೌಡ್ ಭೌತಿಕವಾಗಿಯೂ ಹತ್ತಿರವೇ. ಮೈಕ್ರೋಸಾಫ್ಟ್‌ನ ಕ್ಲೌಡ್ ಅಜೂರ್‌ನ ಸೆಂಟ್ರಲ್ ಇಂಡಿಯಾ ವಲಯ (ಡೇಟಾ ಸೆಂಟರ್‌ಗಳ ಗುಂಪು) 2015ರಿಂದ ಪುಣೆಯಲ್ಲಿದೆ. ಅಮೆಜಾನ್‌ನ ಕ್ಲೌಡ್ ಎಡಬ್ಲ್ಯುಎಸ್ 2016ರಲ್ಲಿ, ಗೂಗಲ್ 2017ರಲ್ಲಿ ಮುಂಬೈ ವಲಯ ತೆರೆದವು. ಸ್ವಲ್ಪ ಸ್ವಲ್ಪವೇ ಅಲ್ಲಿಗೆ ಹೋದೆವು, ಹಳೆಯದನ್ನು ಇಲ್ಲೇ ಉಳಿಸಿಕೊಂಡೆವು. ಲಾಗಿನ್‌ಗಳೂ ಹಾಗೇ ಒಂದರ ಮೇಲೊಂದು ಸೇರುತ್ತಾ ಹೋದವು.

ಒಂದೇ ಗುರುತು ಅಂದರೆ ಎಲ್ಲ ಕಡೆ ಒಂದೇ ಪಾಸ್‌ವರ್ಡಾ?

ಅಲ್ಲವೇ ಅಲ್ಲ. ಹತ್ತು ಸರ್ವರ್‌ಗೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಒಂದು ಕಡೆ ಸೋರಿದರೆ ಹತ್ತೂ ಕಡೆ ಹೋಯಿತು.

ಇಲ್ಲಿ ಹೇಳುತ್ತಿರುವುದು ಬೇರೆ. ಒಬ್ಬ ಮನುಷ್ಯನಿಗೆ ಒಂದೇ ದಾಖಲೆ, ಒಂದೇ ಜಾಗದಲ್ಲಿ. ಯಾವ ಸರ್ವರ್‌ಗೂ ತನ್ನದೇ ಬಳಕೆದಾರರ ಪಟ್ಟಿ ಇಲ್ಲ. ಯಾರಾದರೂ ಬಂದರೆ ಅದು ಆ ಜಾಗವನ್ನು ಕೇಳುತ್ತದೆ. ಕೇಳುವ ಪ್ರಶ್ನೆ ಎರಡು: ಇವರು ಯಾರು? ಇವರು ಇಲ್ಲಿ ಏನು ಮಾಡಬಹುದು? ಇವೆರಡನ್ನೂ ಜನ ಕಲಸಿಬಿಡುತ್ತಾರೆ. ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ನಿಮ್ಮನ್ನು ಗುರುತು ಹಿಡಿದ ಅಂದ ಮಾತ್ರಕ್ಕೆ ಎಲ್ಲರ ಫ್ಲ್ಯಾಟಿನ ಬೀಗದ ಕೈ ನಿಮ್ಮ ಕೈಗೆ ಬರುವುದಿಲ್ಲ, ಅಲ್ವಾ? ಅಷ್ಟೇ ವಿಷಯ.

ಹದಿನೈದು ಸರ್ವರ್‌ಗೆ ಇಷ್ಟೆಲ್ಲ ಯಾಕೆ? ಜಾಸ್ತಿ ಆಯ್ತು ಅನಿಸಲ್ವಾ?

ಲಾಗಿನ್ ಸುಲಭವಾಗಲಿ ಅಂತ ಇದನ್ನು ಮಾಡುವುದಾದರೆ ನಿಮ್ಮ ಮಾತು ಸರಿ. ನಾನು ಇದರ ಬೆಲೆ ಅಳೆಯುವುದು ಕೆಲಸ ಬಿಟ್ಟು ಹೋಗುವ ದಿನ. ಒಬ್ಬರು ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಒಪ್ಪಿಸಿ ಹೊರಟರು ಅಂದುಕೊಳ್ಳಿ. ಅವರ ಪ್ರವೇಶವನ್ನು ಎಷ್ಟು ಕಡೆ ಮುಚ್ಚಬೇಕು? ಆ ಪಟ್ಟಿ ನಿಮ್ಮ ಹತ್ತಿರ ಬರಹದಲ್ಲಿ ಇದೆಯಾ, ಇಲ್ಲ ಒಬ್ಬರ ತಲೆಯಲ್ಲಿದೆಯಾ?

ಯಾವುದಾದರೂ ಹಳೆಯ ಲಿನಕ್ಸ್ ಸರ್ವರ್‌ಗೆ ಹೋಗಿ ಆಥರೈಸ್ಡ್ ಕೀಸ್ ಫೈಲ್ (ಪಾಸ್‌ವರ್ಡ್ ಬದಲು ಎಸ್‌ಎಸ್‌ಎಚ್ ಕೀ ಬಳಸಿ ದೂರದಿಂದ ಒಳಗೆ ಬರಬಲ್ಲವರ ಪಟ್ಟಿ) ತೆರೆದು ನೋಡಿ. ಒಂದು ಸಾಲಿಗೆ ಒಂದು ಕೀ. ಶುರುವಿಗೆ ಕೀಯ ವಿಧ, ನಡುವೆ ಅರ್ಥವಾಗದ ಉದ್ದನೆಯ ಅಕ್ಷರಗಳು, ತುದಿಗೆ ಸಾಮಾನ್ಯವಾಗಿ ಕೀ ಮಾಡಿದವರ ಮತ್ತು ಅವರ ಲ್ಯಾಪ್‌ಟಾಪಿನ ಹೆಸರು. ಪುಣೆಯ ಒಂದು ಕಂಪನಿಯಲ್ಲಿ ನಾನು ನೋಡಿದ ಫೈಲಿನಲ್ಲಿ ಅರ್ಧಕ್ಕರ್ಧ ಹೆಸರು ಯಾರದು ಅಂತ ಅಲ್ಲಿದ್ದವರಿಗೇ ಗೊತ್ತಿರಲಿಲ್ಲ. ಒಂದು ಸಾಲಿನ ತುದಿಯಲ್ಲಿ ಬರೀ 'ಟೆಸ್ಟ್' ಅಂತಿತ್ತು. ಆ ತುದಿಯ ಹೆಸರನ್ನು ನಂಬುವ ಹಾಗೂ ಇಲ್ಲ. ಅದು ಬರೀ ಟಿಪ್ಪಣಿ, ಯಾರು ಏನು ಬೇಕಾದರೂ ಬರೆಯಬಹುದು. ಯಾವ ಕೀ ನಿಜವಾಗಿ ಬಳಕೆಯಲ್ಲಿದೆ ಅಂತ ತಿಳಿಯಲು ಲಾಗಿನ್ ಲಾಗ್ ನೋಡಿ. ಕೀ ಬಳಸಿ ಒಳಗೆ ಬಂದಾಗ ಆ ಲಾಗಿನ್ ನೋಡಿಕೊಳ್ಳುವ ಓಪನ್‌ಎಸ್‌ಎಸ್‌ಎಚ್ ಅದರ ಫಿಂಗರ್‌ಪ್ರಿಂಟ್, ಅಂದರೆ ಕೀಯಿಂದ ಲೆಕ್ಕ ಹಾಕಿದ ಚಿಕ್ಕ ಗುರುತು, ಬರೆದಿಡುತ್ತದೆ. ಫೈಲಿನಲ್ಲಿರುವ ಪ್ರತಿ ಕೀಯ ಫಿಂಗರ್‌ಪ್ರಿಂಟ್ ತೆಗೆದು ತಾಳೆ ಹಾಕಿ. ಹದಿನೈದು ಸರ್ವರ್‌ಗೆ ಈ ಕೆಲಸ ಮಾಡಿ ಮುಗಿಸುವಷ್ಟರಲ್ಲಿ 'ಇಷ್ಟೆಲ್ಲ ಯಾಕೆ' ಅನ್ನುವ ಪ್ರಶ್ನೆ ತಾನಾಗೇ ಹೋಗಿರುತ್ತದೆ.

ಎಲ್ಲಿಂದ ಶುರು ಮಾಡಲಿ? ಯಾವ ಪ್ರಾಡಕ್ಟ್ ತಗೊಳ್ಳಲಿ?

ಪ್ರಾಡಕ್ಟ್ ಆಮೇಲೆ. ಮೊದಲು ಎರಡು ಪಟ್ಟಿ ಬೇಕು. ಒಂದು, ಸಂಬಳದ ಪಟ್ಟಿಯಲ್ಲಿರುವ ಜನ. ಇನ್ನೊಂದು, ಪ್ರತಿ ಸರ್ವರ್‌ನಲ್ಲಿ, ಪ್ರತಿ ಕ್ಲೌಡ್ ಅಕೌಂಟ್‌ನಲ್ಲಿ ಇರುವ ಬಳಕೆದಾರರು. ಎರಡನ್ನೂ ಪಕ್ಕಪಕ್ಕ ಇಡಿ. ಎರಡನೆಯದರಲ್ಲಿದ್ದು ಮೊದಲನೆಯದರಲ್ಲಿ ಇಲ್ಲದ ಹೆಸರು ಮೂರು ಥರ ಇರುತ್ತವೆ: ಬಿಟ್ಟುಹೋದವರು, ಹೊರಗಿನ ವೆಂಡರ್‌ಗಳು, ಮನುಷ್ಯರಲ್ಲ, ಪ್ರೋಗ್ರಾಂಗಳು ಬಳಸುವ ಸರ್ವಿಸ್ ಅಕೌಂಟ್‌ಗಳು. ಮೊದಲ ಥರದ್ದನ್ನು ಇವತ್ತೇ ಡಿಸೇಬಲ್ ಮಾಡಿ. ಉಳಿದವಕ್ಕೆ ಕೆಳಗೆ ಉತ್ತರವಿದೆ.

ಆಮೇಲೆ ಮೂಲ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ. ಆಫೀಸಿನಲ್ಲಿ ಈಗಾಗಲೇ ಆಕ್ಟಿವ್ ಡೈರೆಕ್ಟರಿ (ಬಳಕೆದಾರರ ದಾಖಲೆ ಇಡುವ ಮೈಕ್ರೋಸಾಫ್ಟ್ ವ್ಯವಸ್ಥೆ) ಇದ್ದು ಎಲ್ಲರೂ ಅದರಲ್ಲೇ ಲಾಗಿನ್ ಆಗುತ್ತಿದ್ದರೆ ಅದನ್ನೇ ಮೂಲ ಮಾಡಿ. ಎಲ್ಲ ಲಿನಕ್ಸ್ ಆಗಿದ್ದರೆ ಅದೇ ಥರದ ಕೆಲಸ ಮಾಡುವ ಫ್ರೀಐಪಿಎ ಚೆನ್ನಾಗಿದೆ, ದುಡ್ಡೂ ಬೇಡ. ವೆಬ್ ಆಪ್‌ಗಳೇ ಜಾಸ್ತಿ ಇದ್ದರೆ ಅವುಗಳ ಮುಂದೆ ಕೀಕ್ಲೋಕ್ ಎಂಬ ಲಾಗಿನ್ ಸಾಫ್ಟ್‌ವೇರ್ ಇಡಬಹುದು. ಅದು ಹಿಂದಿರುವ ಡೈರೆಕ್ಟರಿಯನ್ನು ಓದಿ ಆಪ್‌ಗಳಿಗೆ ಸ್ಯಾಮ್ಲ್ ಅಥವಾ ಓಪನ್ಐಡಿ ಕನೆಕ್ಟ್ ಎಂಬ ಲಾಗಿನ್ ಪದ್ಧತಿಗಳ ಮೂಲಕ ಉತ್ತರ ಕೊಡುತ್ತದೆ. ಮೂರನ್ನೂ ಒಟ್ಟಿಗೆ ಹಾಕಿಕೊಂಡು ಮೂರರಲ್ಲೂ ಬಳಕೆದಾರರನ್ನು ಸೇರಿಸುತ್ತಾ ಕೂತರೆ ಹಳೇ ಕಥೆಯೇ ಹೊಸ ಸ್ಕ್ರೀನ್ ಮೇಲೆ.

ಆಕ್ಟಿವ್ ಡೈರೆಕ್ಟರಿಗೆ ಲಿನಕ್ಸ್ ಸರ್ವರ್ ಸೇರಿಸಬಹುದಾ?

ಸೇರಿಸಬಹುದು. ರೆಲ್ಮ್‌ಡಿ ಎಂಬ ಲಿನಕ್ಸ್ ಸಾಧನ ಬಳಸಿ ಒಂದೇ ಕಮಾಂಡಿನಲ್ಲಿ ಡೊಮೇನ್‌ಗೆ (ಆ ಡೈರೆಕ್ಟರಿಯ ವ್ಯಾಪ್ತಿಗೆ) ಸೇರಿಸಿದರೆ ಮುಂದಿನದನ್ನು ಆ ಸರ್ವರ್‌ನಲ್ಲೇ ಓಡುವ ಎಸ್‌ಎಸ್‌ಎಸ್‌ಡಿ ಎಂಬ ಪ್ರೋಗ್ರಾಂ ನೋಡಿಕೊಳ್ಳುತ್ತದೆ. ಬಳಕೆದಾರರ ಯುಐಡಿ (ಲಿನಕ್ಸ್ ಅವರನ್ನು ಗುರುತಿಸುವ ಸಂಖ್ಯೆ) ಕೂಡ ಡೊಮೇನ್‌ನ ಗುರುತಿನಿಂದಲೇ ಲೆಕ್ಕ ಹಾಕುತ್ತದೆ, ಹಾಗಾಗಿ ಒಂದೇ ಸೆಟ್ಟಿಂಗ್ ಇರುವ ಎಲ್ಲ ಸರ್ವರ್‌ನಲ್ಲೂ ಒಬ್ಬರಿಗೆ ಒಂದೇ ಸಂಖ್ಯೆ. ಸರ್ವರ್‌ಗಳ ನಡುವೆ ಫೈಲ್ ಹಂಚಲು ಎನ್‌ಎಫ್‌ಎಸ್ ಬಳಸುವವರಿಗೆ ಇದರ ಬೆಲೆ ಗೊತ್ತು.

ಆದರೆ ಸೇರಿಸಿದ ಕೂಡಲೇ ಒಂದು ಕೆಲಸ ಬಾಕಿ ಇರುತ್ತದೆ. ಸುಮ್ನೆ ಬಿಟ್ಟರೆ ಡೊಮೇನ್‌ನಲ್ಲಿ ಚಾಲ್ತಿಯಲ್ಲಿರುವ ಯಾರು ಬೇಕಾದರೂ ಆ ಸರ್ವರ್‌ಗೆ ಲಾಗಿನ್ ಆಗಬಹುದು. ರಿಸೆಪ್ಷನ್‌ನಲ್ಲಿ ಕೂರುವವರೂ. ಒಂದು ಗ್ರೂಪ್ ಮಾಡಿ, ಆ ಗ್ರೂಪ್‌ಗೆ ಮಾತ್ರ ಪ್ರವೇಶ ಅಂತ ಹಾಕಿ. ಫ್ರೀಐಪಿಎಯಲ್ಲೂ ಇದೇ ಥರ 'ಅಲೋ ಆಲ್' ಅನ್ನುವ ನಿಯಮ ಮೊದಲಿಂದಲೇ ಚಾಲೂ ಇರುತ್ತದೆ. ನಿಮ್ಮ ನಿಯಮ ಬರೆದು, ಕೆಲಸ ಮಾಡುತ್ತಿದೆ ಅಂತ ನೋಡಿಕೊಂಡ ಮೇಲೆ 'ಅಲೋ ಆಲ್' ಆಫ್ ಮಾಡಿ. ಮೊದಲೇ ಆಫ್ ಮಾಡಿದರೆ ನೀವೇ ಹೊರಗೆ ನಿಲ್ಲುತ್ತೀರಿ.

ಪಾಸ್‌ವರ್ಡ್ ಸರಿ ಇದ್ದರೂ ಒಂದೇ ಸರ್ವರ್‌ನಲ್ಲಿ ಲಾಗಿನ್ ಆಗುತ್ತಿಲ್ಲ. ಯಾಕೆ?

ಗಡಿಯಾರ ನೋಡಿ. ಆಕ್ಟಿವ್ ಡೈರೆಕ್ಟರಿ, ಫ್ರೀಐಪಿಎ ಎರಡರ ಒಳಗೂ ಇರುವುದು ಕೆರ್ಬೆರೋಸ್, ಸಮಯ ಹಾಕಿದ ಟಿಕೆಟ್ ಕೊಟ್ಟು ಗುರುತು ಹಿಡಿಯುವ ಪದ್ಧತಿ. ಸರ್ವರ್‌ನ ಸಮಯಕ್ಕೂ ಡೊಮೇನ್ ಕಂಟ್ರೋಲರ್‌ನ (ಡೈರೆಕ್ಟರಿ ಓಡುವ ಸರ್ವರ್‌ನ) ಸಮಯಕ್ಕೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಅದು ಒಪ್ಪುವುದಿಲ್ಲ. ಕಾರ್ಖಾನೆಗಳಲ್ಲಿ ಇಂಟರ್ನೆಟ್ ಇಲ್ಲದ ಮೂಲೆಯಲ್ಲಿ ಕೂತ ಸರ್ವರ್‌ಗಳಲ್ಲಿ ಇದು ಮಾಮೂಲು. ಆಫೀಸಿನ ಒಳಗೇ ಸಮಯ ಹೇಳುವ ಒಂದು ಎನ್‌ಟಿಪಿ ಸರ್ವರ್ ಇಟ್ಟು ಎಲ್ಲರೂ ಅದನ್ನೇ ಕೇಳುವ ಹಾಗೆ ಮಾಡಿ.

ಡಿಸೇಬಲ್ ಒತ್ತಿದೆ. ಆ ವ್ಯಕ್ತಿ ತಕ್ಷಣ ಹೊರಗೆ ಹೋದ ಹಾಗಾಯಿತಾ?

ಇಲ್ಲ. ಬಹಳ ಜನ ಇಲ್ಲಿಗೇ ನಿಲ್ಲುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಫೀಸಿನ ಆಕ್ಟಿವ್ ಡೈರೆಕ್ಟರಿಯನ್ನು ಮೈಕ್ರೋಸಾಫ್ಟ್‌ನ ಕ್ಲೌಡ್ ಡೈರೆಕ್ಟರಿಯಾದ ಎಂಟ್ರಾ ಐಡಿ ಜೊತೆ ಜೋಡಿಸಿದ್ದೀರಿ ಅಂದುಕೊಳ್ಳಿ. 2023ರವರೆಗೆ ಇದರ ಹೆಸರು ಅಜೂರ್ ಎಡಿ. ಎರಡನ್ನೂ ಜೋಡಿಸುವ ಎಂಟ್ರಾ ಕನೆಕ್ಟ್ ಮೂಲ ಸೆಟ್ಟಿಂಗ್‌ನಲ್ಲಿ 30 ನಿಮಿಷಕ್ಕೊಮ್ಮೆ ಬದಲಾವಣೆಗಳನ್ನು ಮೇಲಕ್ಕೆ ಕಳಿಸುತ್ತದೆ. ಪಾಸ್‌ವರ್ಡ್ ಬದಲಾವಣೆ ಮಾತ್ರ 2 ನಿಮಿಷಕ್ಕೊಮ್ಮೆ ಹೋಗುತ್ತದೆ. ಅಂದರೆ ಇಲ್ಲಿ ಡಿಸೇಬಲ್ ಒತ್ತಿದರೂ ಕ್ಲೌಡ್‌ಗೆ ಆ ಸುದ್ದಿ ಅರ್ಧ ಗಂಟೆ ತಡವಾಗಿ ಮುಟ್ಟಬಹುದು. ಮುಟ್ಟಿದ ಮೇಲೂ ಮೊದಲೇ ಕೊಟ್ಟ ಆಕ್ಸೆಸ್ ಟೋಕನ್ (ಆಪ್‌ಗೆ ತೋರಿಸುವ ತಾತ್ಕಾಲಿಕ ಪಾಸ್) ಸಾಮಾನ್ಯವಾಗಿ 60ರಿಂದ 90 ನಿಮಿಷ ಜೀವಂತ ಇರುತ್ತದೆ. ಆಫೀಸಿನ ಒಳಗಿನ ಕೆರ್ಬೆರೋಸ್ ಟಿಕೆಟ್‌ಗೆ ಮಾಮೂಲು ಆಯುಷ್ಯ 10 ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ಪುಣೆಯ ಹಿಂಜವಡಿಯಲ್ಲಿ ಲಾಗಿನ್ ಆದವರ ಟಿಕೆಟ್ ಸಂಜೆ ಏಳರವರೆಗೂ ನಡೆಯುತ್ತದೆ. ಎಡಬ್ಲ್ಯುಎಸ್‌ನ ಲಾಗಿನ್ ಸೇವೆಯಾದ ಐಡೆಂಟಿಟಿ ಸೆಂಟರ್‌ನಲ್ಲಿ ಪರ್ಮಿಷನ್ ಸೆಟ್‌ನ (ಅನುಮತಿಗಳ ಗುಂಪಿನ) ಸೆಷನ್ ಅವಧಿ 1 ಗಂಟೆಯಿಂದ 12 ಗಂಟೆವರೆಗೆ ಎಷ್ಟು ಬೇಕಾದರೂ ಇಡಬಹುದು. ಹೇಗೂ ಕೇಳುತ್ತಲೇ ಇರುತ್ತಾರೆ ಅಂತ ಕೆಲವರು 12 ಇಟ್ಟುಬಿಡುತ್ತಾರೆ.

ಆಗಲೇ ತೆರೆದಿರುವ ಎಸ್‌ಎಸ್‌ಎಚ್ ಕಿಟಕಿ? ಅದು ಯಾರನ್ನೂ ಮತ್ತೆ ಕೇಳುವುದಿಲ್ಲ. ನೀವಾಗಿ ಆ ಸೆಷನ್ ಕೊಲ್ಲುವವರೆಗೂ ತೆರೆದೇ ಇರುತ್ತದೆ.

ಹಾಗಾಗಿ ಜಗಳವಾಡಿ ಹೊರಡುವವರಿದ್ದರೆ ಕ್ರಮ ಹೀಗಿರಲಿ. ಎಚ್‌ಆರ್‌ನವರು ಅವರನ್ನು ಕೋಣೆಗೆ ಕರೆಯುವಾಗಲೇ ನಿಮಗೆ ಫೋನ್ ಬರಬೇಕು. ಆಫೀಸಿನ ಡೈರೆಕ್ಟರಿಯಲ್ಲಿ ಡಿಸೇಬಲ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಸಿಂಕ್‌ಗೆ ಕಾಯದೆ ಕ್ಲೌಡ್‌ನಲ್ಲೂ ಸೈನ್‌ಇನ್ ತಡೆದು ಸೆಷನ್‌ಗಳನ್ನು ರದ್ದು ಮಾಡಿ. ಆಮೇಲೆ ಸರ್ವರ್‌ಗಳಲ್ಲಿ ಅವರ ಹೆಸರಿನ ಪ್ರಾಸೆಸ್‌ಗಳನ್ನು ನೋಡಿ ನಿಲ್ಲಿಸಿ. ಕೊನೆಗೆ ಎಡಬ್ಲ್ಯುಎಸ್ ಆಕ್ಸೆಸ್ ಕೀ, ಗಿಟ್ ಟೋಕನ್‌ಗಳು. ಇವಕ್ಕೆ ತಾವಾಗಿ ಮುಗಿಯುವ ದಿನವೇ ಇರದಿರಬಹುದು.

ಬೆಳಗಾವಿ ಬ್ರ್ಯಾಂಚ್‌ನ ಲಿಂಕ್ ಕಡಿದರೆ ಅಲ್ಲಿಯವರು ಲಾಗಿನ್ ಆಗೋದು ಹೇಗೆ?

ರಸ್ತೆ ಅಗೆದಾಗ ಫೈಬರ್ ಕಡಿಯುವುದು, ಮಳೆಗಾಲದಲ್ಲಿ ಇಡೀ ದಿನ ಲಿಂಕ್ ಇಲ್ಲದಿರುವುದು ನಮಗೆ ಹೊಸದಲ್ಲ. ಎರಡು ದಾರಿ ಇವೆ.

ಒಂದು, ಎಸ್‌ಎಸ್‌ಎಸ್‌ಡಿಯ ಕ್ಯಾಶ್. ಒಮ್ಮೆ ಲಾಗಿನ್ ಆದವರ ಪಾಸ್‌ವರ್ಡ್ ಹ್ಯಾಶ್ (ಮೂಲಕ್ಕೆ ತಿರುಗಿಸಲಾಗದ ರೂಪ) ಉಳಿಸಿಕೊಂಡು ಲಿಂಕ್ ಇಲ್ಲದಾಗಲೂ ಒಳಗೆ ಬಿಡುತ್ತದೆ. ವಿಂಡೋಸ್ ಕೂಡ ಇದನ್ನೇ ಮಾಡುತ್ತದೆ. ಆದರೆ ಎಸ್‌ಎಸ್‌ಎಸ್‌ಡಿಯಲ್ಲಿ ಈ ಕ್ಯಾಶ್ ಎಷ್ಟು ದಿನ ನಡೆಯಬೇಕು ಅನ್ನುವ ಸೆಟ್ಟಿಂಗ್‌ನ ಮೂಲ ಬೆಲೆ ಸೊನ್ನೆ, ಅಂದರೆ ಮಿತಿಯೇ ಇಲ್ಲ. ಬಿಟ್ಟುಹೋದವರು ಲಿಂಕ್ ಇಲ್ಲದ ಸರ್ವರ್‌ನಲ್ಲಿ ಹಳೇ ಪಾಸ್‌ವರ್ಡ್ ಹಾಕಿ ಬರಬಹುದು. ಎರಡೋ ಮೂರೋ ದಿನ ಅಂತ ಹಾಕಿಬಿಡಿ.

ಎರಡು, ಬ್ರ್ಯಾಂಚ್‌ನಲ್ಲೇ ಓದಲು ಮಾತ್ರ ಬರುವ ಡೊಮೇನ್ ಕಂಟ್ರೋಲರ್. ವಿಂಡೋಸ್ ಸರ್ವರ್ 2008ರಿಂದ ಇದೆ. ಯಾರ ಪಾಸ್‌ವರ್ಡ್ ಅದರಲ್ಲಿ ಉಳಿಯಬೇಕು ಅಂತ ನೀವೇ ಆರಿಸಬಹುದು. ಯಾರಾದರೂ ಆ ಡಬ್ಬಿಯನ್ನೇ ಹೊತ್ತುಕೊಂಡು ಹೋದರೂ ಅಡ್ಮಿನ್‌ಗಳ ಪಾಸ್‌ವರ್ಡ್ ಅದರಲ್ಲಿ ಇರುವುದಿಲ್ಲ. ಬೀಗ ಸರಿ ಇಲ್ಲದ ಸರ್ವರ್ ಕೋಣೆ ಇರುವ ಬ್ರ್ಯಾಂಚ್‌ಗಳಿಗೆ ಇದೇ ಸರಿ.

ದೂರದಿಂದ ಲಾಗಿನ್ ಆಗುವ ಪೋರ್ಟ್ 22 (ಎಸ್‌ಎಸ್‌ಎಚ್), 3389 (ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್) ಇಂಟರ್ನೆಟ್‌ಗೆ ತೆರೆದಿಡದೆ ಕೆಲಸ ಆಗುತ್ತಾ?

ಆಗುತ್ತದೆ, ಆಗಲೇಬೇಕು. ಕ್ಲೌಡ್‌ನಿಂದಲೇ ಸರ್ವರ್ ನಡೆಸಲು ಬರುವ ಎಡಬ್ಲ್ಯುಎಸ್‌ನ ಸೆಷನ್ ಮ್ಯಾನೇಜರ್, ಅಜೂರ್ ಆರ್ಕ್ ಎರಡೂ ನಿಮ್ಮ ಆಫೀಸಿನ ಸರ್ವರ್‌ನಲ್ಲೂ ಓಡುತ್ತವೆ. ಸರ್ವರ್‌ನಲ್ಲಿ ಕೂತ ಏಜೆಂಟ್ ಪ್ರೋಗ್ರಾಂ ಪೋರ್ಟ್ 443ರ ಮೂಲಕ ಹೊರಕ್ಕೆ ಮಾತಾಡುತ್ತದೆ, ಹೊರಗಿನಿಂದ ಒಳಗೆ ಬರುವ ಬಾಗಿಲು ಬೇಕಿಲ್ಲ. ನೆಲಮಾಳಿಗೆಯ ಸರ್ವರ್ ಕೂಡ ಕ್ಲೌಡ್ ಪೋರ್ಟಲ್‌ನಲ್ಲಿ ಕಾಣುತ್ತದೆ.

ಆದರೆ ಮಾರಾಟಕ್ಕೆ ಬರುವವರು ಹೇಳದ ಒಂದು ಮಾತಿದೆ. ಈ ಏಜೆಂಟ್‌ಗಳ ಮೂಲಕ ಕಳಿಸಿದ ಸ್ಕ್ರಿಪ್ಟ್ ಸರ್ವರ್‌ನಲ್ಲಿ ಎಲ್ಲ ಅಧಿಕಾರ ಇರುವ ರೂಟ್ ಆಗಿಯೋ, ವಿಂಡೋಸ್‌ನಲ್ಲಿ ಸಿಸ್ಟಮ್ ಆಗಿಯೋ ಓಡುತ್ತದೆ. ಏಜೆಂಟ್ ಹಾಕಿದ ದಿನದಿಂದ ಕ್ಲೌಡ್‌ನಲ್ಲಿ ಆ ಪರ್ಮಿಷನ್ ಇರುವ ಪ್ರತಿಯೊಬ್ಬರೂ ನಿಮ್ಮ ಆಫೀಸಿನ ಸರ್ವರ್‌ನ ಅಡ್ಮಿನ್. ಬಿಲ್ ನೋಡಲಿ ಅಂತ ಯಾರಿಗೋ ಅಜೂರ್‌ನ ಕಾಂಟ್ರಿಬ್ಯೂಟರ್ ಪಾತ್ರ (ಬದಲಾವಣೆ ಮಾಡುವ ಅನುಮತಿ) ಕೊಟ್ಟಿದ್ದರೆ ಅವರೂ. ಡೊಮೇನ್ ಕಂಟ್ರೋಲರ್ ಮೇಲೆ ಇಂಥ ಏಜೆಂಟ್ ಹಾಕುವ ಮೊದಲು ನಾನಂತೂ ಆ ಪಟ್ಟಿಯನ್ನು ಎರಡು ಸಲ ಓದುತ್ತೇನೆ.

ಎಸ್‌ಎಸ್‌ಎಚ್ ಕೀ ಬಿಟ್ಟು ಬೇರೆ ದಾರಿ ಇದೆಯಾ?

ಇದೆ, ಸರ್ಟಿಫಿಕೇಟ್. ಓಪನ್‌ಎಸ್‌ಎಸ್‌ಎಚ್‌ನಲ್ಲಿ 2010ರಿಂದಲೇ ಬಂದಿದೆ, ಬಳಸುವವರು ಕಡಿಮೆ. ಸರ್ವರ್ ನಂಬುವುದು ಒಂದೇ ಸಹಿ ಹಾಕುವ ಕೀಯನ್ನು. ಇಂಜಿನಿಯರ್‌ಗೆ ಬೆಳಿಗ್ಗೆ ಸಿಗುವ ಸರ್ಟಿಫಿಕೇಟ್ ಎಂಟು ಗಂಟೆ ಕಾಲ ಮಾತ್ರ ನಡೆಯುತ್ತದೆ, ಸಂಜೆ ತಾನಾಗಿ ಸಾಯುತ್ತದೆ. ಆ ಸಹಿ ಹಾಕುವ ಕೀಯನ್ನು ಯಾರದೋ ಲ್ಯಾಪ್‌ಟಾಪಿನಲ್ಲಿ ಇಡಬೇಡಿ.

ಗಣಪತಿ ಹಬ್ಬಕ್ಕೆ ಎಲ್ಲರೂ ಊರಿಗೆ ಹೋಗುತ್ತಾರೆ. 'ನನ್ನ ಪಾಸ್‌ವರ್ಡ್ ತಗೋ, ನೋಡ್ಕೋ' ಅನ್ನುವುದನ್ನು ನಿಲ್ಲಿಸುವುದು ಹೇಗೆ?

ಬೈದರೆ ನಿಲ್ಲುವುದಿಲ್ಲ. ಪುಣೆಯಲ್ಲಿ ಹಬ್ಬದ ಹತ್ತು ದಿನ ಅರ್ಧ ತಂಡ ಇರುವುದಿಲ್ಲ, ಕೆಲಸ ಮಾತ್ರ ಇರುತ್ತದೆ. ಸರಿಯಾದ ದಾರಿಗಿಂತ ಪಾಸ್‌ವರ್ಡ್ ಕೊಡುವುದೇ ಸುಲಭವಾಗಿದ್ದರೆ ಜನ ಅದನ್ನೇ ಮಾಡುತ್ತಾರೆ. ಕೆಲಸ ನೋಡಿಕೊಳ್ಳುವವರನ್ನು ಹಬ್ಬದ ಹಿಂದಿನ ದಿನವೇ ಆ ಗ್ರೂಪ್‌ಗೆ ಸೇರಿಸಿ, ಮುಗಿಯುವ ತಾರೀಖು ಹಾಕಿ. ಗ್ರೂಪ್ ಸದಸ್ಯತ್ವಕ್ಕೆ ಅವಧಿ ಹಾಕುವ ಸೌಲಭ್ಯ ವಿಂಡೋಸ್ ಸರ್ವರ್ 2016ರಿಂದ ಆಕ್ಟಿವ್ ಡೈರೆಕ್ಟರಿಯಲ್ಲೂ ಇದೆ. ಎರಡು ಹಂತದ ಲಾಗಿನ್ ಇದ್ದರೆ ಪಾಸ್‌ವರ್ಡ್ ಒಂದನ್ನೇ ಕೊಟ್ಟು ಪ್ರಯೋಜನವೂ ಇಲ್ಲ. ಊರಿನ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಒಟಿಪಿ ಓದಿ ಹೇಳುವವರಿದ್ದಾರೆ, ಅದು ಬೇರೆ ಮಾತು.

ನೆಟ್‌ವರ್ಕ್ ಸಿಗದ ಸರ್ವರ್ ಕೋಣೆಯಲ್ಲಿ ಎರಡನೇ ಹಂತ ಹೇಗೆ?

ಆಥೆಂಟಿಕೇಟರ್ ಆಪ್‌ನ ಆರಂಕಿಯ ಕೋಡ್‌ಗೆ ನೆಟ್‌ವರ್ಕ್ ಬೇಡ. ಅದು ಸಮಯದಿಂದ ಲೆಕ್ಕ ಹಾಕಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಫೋನ್ ಒಳಗೆ ಬಿಡದ ಕಡೆ ಯುಎಸ್‌ಬಿಯ ಫೈಡೊ ಕೀ (ಗುರುತು ಸಾಬೀತು ಮಾಡುವ ಚಿಕ್ಕ ಸಾಧನ) ಕೊಡಿ. ಎಸ್‌ಎಂಎಸ್ ನಂಬಿಕೊಳ್ಳಬೇಡಿ.

ಬ್ಯಾಕಪ್ ಸ್ಕ್ರಿಪ್ಟ್ ಯಾರದೋ ಹೆಸರಲ್ಲಿ ಓಡುತ್ತಿದೆ. ಅವರು ಬಿಟ್ಟು ಹೋಗುತ್ತಿದ್ದಾರೆ.

ಡಿಸೇಬಲ್ ಮಾಡಿದ ರಾತ್ರಿಯೇ ಬ್ಯಾಕಪ್ ನಿಲ್ಲುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. 'ಅವರ ಅಕೌಂಟ್ ಮುಟ್ಟಬೇಡಿ, ಏನೋ ನಿಲ್ಲುತ್ತೆ' ಅನ್ನುವ ಹೆದರಿಕೆಯಿಂದ ಹಳೇ ಅಕೌಂಟ್‌ಗಳು ವರ್ಷಗಟ್ಟಲೆ ಉಳಿಯುವುದೂ ಇದರಿಂದಲೇ. ವಿಂಡೋಸ್‌ನಲ್ಲಿ ಗ್ರೂಪ್ ಮ್ಯಾನೇಜ್ಡ್ ಸರ್ವಿಸ್ ಅಕೌಂಟ್ ಬಳಸಿ. ಅದರ ಪಾಸ್‌ವರ್ಡ್ ಯಾವ ಮನುಷ್ಯನಿಗೂ ಗೊತ್ತಿರುವುದಿಲ್ಲ, 30 ದಿನಕ್ಕೊಮ್ಮೆ ತಾನೇ ಬದಲಾಗುತ್ತದೆ. ಕ್ಲೌಡ್ ಸರ್ವರ್ ಆದರೆ ಆ ಸರ್ವರ್‌ಗೇ ಒಂದು ಪಾತ್ರ ಕೊಡಿ, ಫೈಲಿನಲ್ಲಿ ಕೀ ಬರೆದಿಡಬೇಡಿ. ಪ್ರತಿ ಸರ್ವಿಸ್ ಅಕೌಂಟ್‌ಗೂ ಒಬ್ಬ ಮನುಷ್ಯ ಜವಾಬ್ದಾರ ಇರಬೇಕು. ಅವರು ಹೋಗುವಾಗ ಆ ಜವಾಬ್ದಾರಿಯೂ ಬರಹದಲ್ಲಿ ಕೈ ಬದಲಾಗಬೇಕು.

ಇಆರ್‌ಪಿ ವೆಂಡರ್‌ಗೆ ರಿಮೋಟ್ ಬೇಕಂತೆ.

ಅವರ ಕಂಪನಿಗೆ ಒಂದು ಅಕೌಂಟ್ ಅಲ್ಲ, ಬರುವ ಪ್ರತಿಯೊಬ್ಬರಿಗೂ ಒಂದು. ಅದೂ ಕರೆದಾಗ ಮಾತ್ರ ಚಾಲೂ, ಅದೇ ಸಂಜೆ ಬಂದ್. ಎನಿಡೆಸ್ಕ್ ಥರದ ರಿಮೋಟ್ ಸಾಫ್ಟ್‌ವೇರ್ ಅನ್ನು ಸರ್ವರ್‌ನಲ್ಲಿ ಖಾಯಂ ಹಾಕಿಡಲು ಒಪ್ಪಬೇಡಿ.

ಎಲ್ಲ ಒಂದೇ ಕಡೆ ಇದ್ದು, ಅದೇ ಕೆಟ್ಟರೆ?

ಈ ಹೆದರಿಕೆ ಸರಿಯಾದದ್ದೇ. ಒಂದೇ ಗುರುತು ಅಂದರೆ ಕಳ್ಳನಿಗೂ ಒಂದೇ ಗುರಿ. ಡೊಮೇನ್ ಕಂಟ್ರೋಲರ್ ಎರಡಾದರೂ ಇರಲಿ, ಬೇರೆ ಬೇರೆ ಕಡೆ. ಡೊಮೇನ್ ಅಡ್ಮಿನ್ ಅಕೌಂಟಿನಲ್ಲಿ ಮೇಲ್ ಓದುವುದು, ಸಾಮಾನ್ಯ ಲ್ಯಾಪ್‌ಟಾಪ್‌ಗೆ ಲಾಗಿನ್ ಆಗುವುದು ಬೇಡ. ಕ್ಲೌಡ್‌ನ ದೊಡ್ಡ ಅಡ್ಮಿನ್‌ಗಳು ಕ್ಲೌಡ್‌ನಲ್ಲೇ ಹುಟ್ಟಿದ ಅಕೌಂಟ್‌ಗಳಾಗಿರಲಿ. ಆಫೀಸಿನ ಡೈರೆಕ್ಟರಿ ಕೈಬಿಟ್ಟರೂ ಕ್ಲೌಡ್ ಉಳಿಯಬೇಕು. ಪ್ರತಿ ವಿಂಡೋಸ್ ಸರ್ವರ್‌ನ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಬೇರೆ ಬೇರೆ ಇರಲು ಲ್ಯಾಪ್ಸ್ (ಆ ಪಾಸ್‌ವರ್ಡ್‌ಗಳನ್ನು ತಾನೇ ಬದಲಿಸುವ ಮೈಕ್ರೋಸಾಫ್ಟ್ ಸಾಧನ) ಹಾಕಿ, 2023ರಿಂದ ವಿಂಡೋಸ್ ಒಳಗೇ ಬರುತ್ತದೆ.

ತುರ್ತಿಗೆ ಅಂತ ಎರಡು ಅಕೌಂಟ್ ಇಡಲು ಮೈಕ್ರೋಸಾಫ್ಟ್ ಕೂಡ ಹೇಳುತ್ತದೆ. ಉದ್ದನೆಯ ಪಾಸ್‌ವರ್ಡ್, ಪ್ರತ್ಯೇಕ ಫೈಡೊ ಕೀ, ಒಂದು ಆಫೀಸಿನ ತಿಜೋರಿಯಲ್ಲಿ, ಇನ್ನೊಂದು ಬೇರೆ ಜಾಗದಲ್ಲಿ. ಬಳಸಿದ ಕ್ಷಣ ನಾಲ್ಕು ಜನಕ್ಕೆ ಅಲರ್ಟ್ ಹೋಗಬೇಕು. ಆಗಾಗ ತೆಗೆದು ಲಾಗಿನ್ ಆಗಿ ನೋಡಿ. 2020ರ ಅಕ್ಟೋಬರ್ 12ರಂದು ಗ್ರಿಡ್ ಕೈಕೊಟ್ಟು ಮುಂಬೈಯ ಬಹುಭಾಗದಲ್ಲಿ ಕರೆಂಟ್ ಹೋಗಿತ್ತಲ್ಲ, ಅಂಥ ದಿನ ತಿಜೋರಿಯ ಕೀ ಯಾರ ಹತ್ತಿರ ಅಂತ ಹುಡುಕುವ ಹಾಗಾಗಬಾರದು.

ಕಾನೂನು ಏನು ಹೇಳುತ್ತದೆ? ನಮ್ಮ ಸೇಠ್ ಅದನ್ನೇ ಕೇಳುತ್ತಾರೆ.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಅದು ಪಟ್ಟಿ ಮಾಡಿರುವ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಗಡಿಯಾರಗಳು ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಸಮಯಕ್ಕೆ ಹೊಂದಿರಬೇಕು. ಷೇರು ಬ್ರೋಕರ್ ಆಫೀಸಾದರೆ ಷೇರುಪೇಟೆ ನಿಯಂತ್ರಕ ಸೆಬಿಯ 2024ರ ಸೈಬರ್ ಭದ್ರತಾ ಚೌಕಟ್ಟೂ ಇದೆ. ಜನರ ವೈಯಕ್ತಿಕ ಮಾಹಿತಿಗೆ ಸರಿಯಾದ ರಕ್ಷಣೆ ಕೊಡದಿದ್ದರೆ 2023ರ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ) ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೆ. ಈ ಅಂಕಿ ಕೇಳಿದ ಮೇಲೆ ಸೇಠ್‌ಗಳು ಸಾಮಾನ್ಯವಾಗಿ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಆದರೆ ಅಡ್ಮಿನ್ ಆಗಿ ನಿಮಗೆ ಬಿಸಿ ಮುಟ್ಟಿಸುವುದು ಆ 6 ಗಂಟೆ. ಐದು ಜನ ಒಂದೇ 'ಅಡ್ಮಿನ್' ಹೆಸರಲ್ಲಿ ಲಾಗಿನ್ ಆಗುವ ಸರ್ವರ್‌ನಲ್ಲಿ ಯಾರು ಏನು ಮಾಡಿದರು ಅಂತ ಆರು ಗಂಟೆಯಲ್ಲಿ ಹೇಗೆ ಹೇಳುತ್ತೀರಿ?

ಬಿಟ್ಟುಹೋದವರ ಅಕೌಂಟ್ ಅಳಿಸಬೇಕಾ, ಡಿಸೇಬಲ್ ಮಾಡಿದರೆ ಸಾಕಾ?

ಮೊದಲು ಡಿಸೇಬಲ್. ಎಲ್ಲ ಗ್ರೂಪ್‌ಗಳಿಂದ ತೆಗೆಯಿರಿ, ಆದರೆ ಯಾವ್ಯಾವ ಗ್ರೂಪ್‌ನಲ್ಲಿದ್ದರು ಅಂತ ಬರೆದಿಟ್ಟುಕೊಳ್ಳಿ. ಅಕೌಂಟ್ ಅಳಿಸಿದರೆ ಹಳೇ ಫೈಲುಗಳ ಒಡೆಯರ ಜಾಗದಲ್ಲಿ ಹೆಸರು ಹೋಗಿ ಉದ್ದನೆಯ ಸಂಖ್ಯೆ ಕಾಣುತ್ತದೆ. ಅದೇ ಹೆಸರಲ್ಲಿ ಮತ್ತೆ ಮಾಡಿದರೂ ಒಳಗಿನ ಗುರುತು ಬೇರೆಯೇ. ಲಾಗ್ ಇಡಬೇಕಾದ 180 ದಿನವಾದರೂ ಅಕೌಂಟ್ ಹಾಗೇ ಇರಲಿ, ಆಮೇಲೆ ಅಳಿಸಿ.